ಸಾಫ್ಟ್‌ನರ್ ಹಾಕಿಸಿದರೂ ಟಿಡಿಎಸ್ ಇಳಿಯಲಿಲ್ಲ, ಯಾಕೆ?

ಪ್ರಶ್ನೆ: ಸರ್, ನಮ್ಮದು ಊರಾಚೆಯ ಬಡಾವಣೆ. ಪೈಪ್‌ಲೈನ್ ನೀರು ಕೆಲವು ದಿನ ಮಾತ್ರ ಬರುತ್ತೆ, ಉಳಿದ ದಿನ ಬೋರ್‌ವೆಲ್. ಎರಡೂ ಒಂದೇ ಸಂಪ್‌ಗೆ ಬೀಳುತ್ತೆ. ಸೋಪು ನೊರೆ ಬರಲ್ಲ, ಶವರಿನ ತೂತುಗಳು ಮುಚ್ಚಿಹೋಗುತ್ತಿವೆ, ಗೀಸರ್ ಒಳಗೆ ಕೊತಕೊತ ಅಂತ ಸದ್ದು. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಹಾಕಿಸಿದೆವು, ಅದರಲ್ಲಿ 25 ಲೀಟರ್ ರೆಸಿನ್ (ಗಡಸುತನ ಹಿಡಿಯುವ ಸಣ್ಣ ಮಣಿಗಳು) ಇದೆ. ಮೊದಲು ಟಿಡಿಎಸ್ ಮೀಟರ್ 720 ತೋರಿಸುತ್ತಿತ್ತು, ಈಗ 730. ರೀಜನರೇಷನ್ (ಉಪ್ಪುನೀರು ಹರಿಸಿ ರೆಸಿನ್ ಅನ್ನು ಮತ್ತೆ ಸಜ್ಜು ಮಾಡುವುದು) ಆದ ಮೇಲೆ ಮೂರ್ನಾಲ್ಕು ದಿನ ನೊರೆ ಚೆನ್ನಾಗಿ ಬರುತ್ತೆ, ಆಮೇಲೆ ಮತ್ತೆ ಹಳೇ ಪಾಡು. ಟೈಮರ್ ಏಳು ದಿನಕ್ಕೆ ಇಟ್ಟಿದ್ದಾರೆ. ದಿನಕ್ಕೆ ಸುಮಾರು 700 ಲೀಟರ್ ಬಳಕೆ. ಯಂತ್ರ ಕೆಟ್ಟಿದೆಯಾ?

ಉತ್ತರ: ಮೊದಲು ಆ ಟಿಡಿಎಸ್ ಮೀಟರ್ ಪಕ್ಕಕ್ಕಿಡಿ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತೆ ಅಂತ ಅಳೆದು, ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತೆ, ಅಷ್ಟೇ. ಗಡಸುತನ ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸಾಫ್ಟ್‌ನರ್ ಲವಣವನ್ನು ತೆಗೆಯಲ್ಲ, ಬದಲಾಯಿಸುತ್ತೆ: ಒಂದು ಕ್ಯಾಲ್ಸಿಯಂ ಹಿಡಿದುಕೊಂಡು ಎರಡು ಸೋಡಿಯಂ ಬಿಡುತ್ತೆ. 40 ಗ್ರಾಂ ಕ್ಯಾಲ್ಸಿಯಂ ಹೋದ ಜಾಗಕ್ಕೆ 46 ಗ್ರಾಂ ಸೋಡಿಯಂ ಬರುತ್ತೆ. ಹಾಗಾಗಿ 720 ಇದ್ದದ್ದು 730 ಆಗುವುದು ಸಹಜ, ಅದನ್ನು ನೋಡಿ ಯಂತ್ರ ಕೆಟ್ಟಿದೆ ಎನ್ನಲಾಗದು.

ಬೇಕಾದ್ದು ಗಡಸುತನ ಅಳೆಯುವ ಹನಿ ಕಿಟ್. ಬಾಟಲಿಯಲ್ಲಿ ಗೆರೆಯವರೆಗೆ ನೀರು ತುಂಬಿ, ಬಫರ್ ಹಾಕಿ, ಸೂಚಕ ಹಾಕಿ. ಗಡಸು ನೀರಾದರೆ ದ್ರಾಕ್ಷಾರಸದ ಕೆಂಪು ಬಣ್ಣ ಬರುತ್ತೆ. ಆಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಒಂದೊಂದೇ ಹನಿ ಹಾಕುತ್ತಾ, ಪ್ರತಿ ಹನಿಗೂ ಬಾಟಲಿ ಅಲ್ಲಾಡಿಸಿ. ಕೆಂಪು ನೇರಳೆಯಾಗಿ, ಕೊನೆಗೆ ಅಚ್ಚ ನೀಲಿಯಾಗುತ್ತೆ. ನೇರಳೆಯಲ್ಲೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಕೆಂಪಿನ ಛಾಯೆ ಪೂರ್ತಿ ಹೋಗಬೇಕು. ಹನಿಗಳ ಲೆಕ್ಕವನ್ನು ಕಿಟ್ ಚೀಟಿಯಲ್ಲಿರುವ ಸಂಖ್ಯೆಯಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಸಿಗುತ್ತೆ. 60ರವರೆಗೆ ಮೆದು ನೀರು, 120 ದಾಟಿದರೆ ಗಡಸು, 180 ದಾಟಿದರೆ ತುಂಬಾ ಗಡಸು. ಬಣ್ಣ ಮಂಕಾಗಿ, ನೀಲಿ ಬರದೇ ಸತಾಯಿಸಿದರೆ ನೀರಿನಲ್ಲಿ ಕಬ್ಬಿಣದ ಅಂಶ ಇದೆಯಾ ಅಂತ ಅನುಮಾನಿಸಿ.

ಈಗ ನಿಮ್ಮ ಲೆಕ್ಕ. ಮನೆಬಳಕೆಯಲ್ಲಿ ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತೆ ಅಂದುಕೊಳ್ಳಿ. 25 ಲೀಟರಿಗೆ 1250 ಗ್ರಾಂ. ಸಂಪ್ ನೀರಿನ ಗಡಸುತನ 400 ಇದ್ದರೆ ಪ್ರತಿ ಲೀಟರಿಗೆ 0.4 ಗ್ರಾಂ, ಅಂದರೆ 3125 ಲೀಟರಿಗೆ ರೆಸಿನ್ ದಣಿಯುತ್ತೆ. ದಿನಕ್ಕೆ 700 ಲೀಟರ್ ಅಂದರೆ ನಾಲ್ಕೂವರೆ ದಿನವೂ ಬರಲ್ಲ. ಟೈಮರ್ ಏಳು ದಿನಕ್ಕಿದ್ದರೆ ಉಳಿದ ದಿನಗಳಲ್ಲಿ ನಿಮಗೆ ಬರುತ್ತಿರುವುದು ಗಡಸು ನೀರೇ. ನೀವು ಹೇಳಿದ ಲಕ್ಷಣಕ್ಕೆ ಇದು ಸರಿಯಾಗಿ ಕೂರುತ್ತೆ. ಆದರೂ 400 ನನ್ನ ಊಹೆ, ಅಳೆದ ಮೇಲೆ ಆ ಜಾಗದಲ್ಲಿ ನಿಮ್ಮ ಸಂಖ್ಯೆ ಹಾಕಿ.

ಬೋರ್‌ವೆಲ್ ನೀರು ಸಂಪ್‌ಗೆ ಬೀಳುವ ಬಾಯಲ್ಲಿ, ಪೈಪ್‌ಲೈನ್ ನೀರು ಬಂದ ದಿನ ಅದರ ಬಾಯಲ್ಲಿ, ಸಾಫ್ಟ್‌ನರ್‌ನಿಂದ ಹೊರಬರುವ ಕಡೆ, ಈ ಮೂರೂ ಕಡೆ ಬೇರೆ ಬೇರೆ ಅಳೆಯಿರಿ. ಎರಡು ಮೂಲಗಳ ನಡುವೆ ಅಜಗಜಾಂತರ ಇರಬಹುದು. ಸೆಟ್ಟಿಂಗ್ ಸರಾಸರಿಗಲ್ಲ, ಅತಿ ಗಡಸಾದ ನೀರಿಗೆ ಇಡಬೇಕು. ದಿನ ಎಣಿಸುವ ವಾಲ್ವ್‌ಗಿಂತ ಲೀಟರ್ ಎಣಿಸುವ ವಾಲ್ವ್ ನಿಮ್ಮಂಥ ಮನೆಗೆ ವಾಸಿ. 2500 ಲೀಟರಿಗೆ ಇಟ್ಟರೆ ಸ್ವಲ್ಪ ಅಂತರ ಉಳಿಯುತ್ತೆ.

ಮರುಪ್ರಶ್ನೆ: ಅಳೆದೆ ಸರ್. ಬೋರ್‌ವೆಲ್ 520, ಪೈಪ್‌ಲೈನ್ 140. ನಿನ್ನೆ ರಾತ್ರಿ ರೀಜನರೇಷನ್ ಆಯಿತು, ಆದರೆ ಬೆಳಿಗ್ಗೆ ಹೊರಬರುವ ನೀರಲ್ಲೂ 180! ಟ್ಯಾಂಕಲ್ಲಿ ಉಪ್ಪು ಮಾತ್ರ ಇಳಿದೇ ಇಲ್ಲ.

ಉತ್ತರ: ಹಾಗಾದರೆ ಲೆಕ್ಕದ ತಪ್ಪಿನ ಜೊತೆಗೆ ಇನ್ನೊಂದು ತೊಂದರೆ ಸೇರಿಕೊಂಡಿದೆ. ರೀಜನರೇಷನ್ ಆದ ತಕ್ಷಣ ಹನಿ ಪರೀಕ್ಷೆಯಲ್ಲಿ ಮೊದಲ ಒಂದೆರಡು ಹನಿಗೇ ನೀಲಿ ಬರಬೇಕು. 25 ಲೀಟರ್ ರೆಸಿನ್‌ಗೆ ಲೀಟರಿಗೆ 120 ಗ್ರಾಂನಂತೆ ಪ್ರತಿ ಸಲ 3 ಕೆಜಿ ಉಪ್ಪು ಖರ್ಚಾಗಬೇಕು. ಇಳಿದೇ ಇಲ್ಲ ಅಂದರೆ ಉಪ್ಪುನೀರು ರೆಸಿನ್‌ಗೆ ಮುಟ್ಟಿಲ್ಲ.

ಪೊರಕೆಯ ಹಿಡಿಯಿಂದ ಉಪ್ಪನ್ನು ನಿಧಾನಕ್ಕೆ ಚುಚ್ಚಿ ನೋಡಿ. ಮೇಲೆ ಗಟ್ಟಿ ಹೊದಿಕೆ, ಕೆಳಗೆ ಟೊಳ್ಳು ಇದ್ದರೆ ಉಪ್ಪು ಸೇತುವೆ ಕಟ್ಟಿದೆ. ತೇವದ ಜಾಗ, ಪುಡಿ ಉಪ್ಪು ಎರಡೂ ಇದಕ್ಕೆ ದಾರಿ. ಒಡೆದು, ಟ್ಯಾಂಕ್ ಅರ್ಧಕ್ಕಿಂತ ಹೆಚ್ಚು ತುಂಬದೆ, ಶುದ್ಧವಾದ ಹರಳು ಅಥವಾ ಮಾತ್ರೆ ಉಪ್ಪು ಬಳಸಿ. ಸೇತುವೆ ಇಲ್ಲದಿದ್ದರೆ, ಕೈಯಿಂದ ರೀಜನರೇಷನ್ ಶುರುಮಾಡಿ, ಉಪ್ಪುನೀರು ಎಳೆಯುವ ಹಂತದಲ್ಲಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಹತ್ತು ನಿಮಿಷಕ್ಕೂ ಇಳಿಯದಿದ್ದರೆ ಉಪ್ಪುನೀರು ಎಳೆಯುವ ಇಂಜೆಕ್ಟರಿನ ಸಣ್ಣ ತೂತಿನಲ್ಲಿ ಮಣ್ಣು ಕೂತಿದೆ, ಇಲ್ಲವೇ ಉಪ್ಪುನೀರಿನ ಕೊಳವೆ ಗಾಳಿ ಎಳೆಯುತ್ತಿದೆ. ಇಳಿಯುವ ಬದಲು ಏರಿದರೆ ಡ್ರೇನ್ ಪೈಪ್ ಮಡಚಿದೆಯಾ ನೋಡಿ. ಇಂಜೆಕ್ಟರನ್ನು ಸೂಜಿಯಿಂದ ಚುಚ್ಚಬೇಡಿ, ತೂತು ದೊಡ್ಡದಾದರೆ ಎಳೆತ ಹೋಯಿತು. ಬಿಸಿನೀರು, ಮೆತ್ತಗಿನ ಬ್ರಷ್ ಸಾಕು. ನೀರನ್ನು ಯಂತ್ರಕ್ಕೆ ಹೋಗದಂತೆ ನೇರ ದಾಟಿಸುವ ಬೈಪಾಸ್ ವಾಲ್ವ್ ಅರೆ ತೆರೆದಿದ್ದರೂ ಗಡಸು ನೀರು ಬೆರೆಯುತ್ತೆ, ಅದನ್ನೂ ಗಟ್ಟಿಯಾಗಿ ಮುಚ್ಚಿ ನೋಡಿ.

ದುರಸ್ತಿ ಆದ ಮೇಲೆ 520ರ ಲೆಕ್ಕ ಹಿಡಿದರೆ ಸಾಮರ್ಥ್ಯ 2400 ಲೀಟರ್. 2000ಕ್ಕೆ ಸೆಟ್ ಮಾಡಿ. ದಿನ ಎಣಿಸುವ ವಾಲ್ವೇ ಆದರೆ ಮೂರು ದಿನಕ್ಕೊಮ್ಮೆ.

ಮತ್ತೊಬ್ಬ ಸದಸ್ಯೆ: ಮನೆಯಲ್ಲಿ ಕೂಸಿದೆ. ಸಾಫ್ಟ್‌ನರ್ ನೀರು ಕಾಯಿಸಿ ಕೊಡಬಹುದಾ? ಪೈಪಿಗೆ ಸುತ್ತುವ ಎಲೆಕ್ಟ್ರಾನಿಕ್ ಕಾಯಿಲ್ ಸಾಕು ಅಂತಲೂ ಹೇಳುತ್ತಾರೆ.

ಉತ್ತರ: ಮೇಡಂ, ಕೂಸಿನ ಹಾಲಿನ ಪುಡಿ ಕಲಸಲು ಸಾಫ್ಟ್‌ನರ್ ನೀರು ಬೇಡ. ಪ್ರತಿ 100 ಗಡಸುತನಕ್ಕೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತೆ. 520ಕ್ಕೆ ಸುಮಾರು 240. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರಿಗೂ ಅದು ಬೇಡ. ಗಡಸುತನ ಆರೋಗ್ಯಕ್ಕೆ ಅಂಥ ಕೆಡುಕಲ್ಲ, ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಆರೋಗ್ಯದ ಮಿತಿಯನ್ನೇ ಇಟ್ಟಿಲ್ಲ. ಭಯಪಡಬೇಕಾದ್ದು ಕಣ್ಣಿಗೆ ಕಾಣದ್ದಕ್ಕೆ: ಅದೇ ಸಂಸ್ಥೆಯ ಪ್ರಕಾರ ಲೀಟರಿಗೆ ನೈಟ್ರೇಟ್ 50 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು, 100 ಮಿಲಿಲೀಟರಿನಲ್ಲಿ ಒಂದೂ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇರಬಾರದು. ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತೆ, ನೈಟ್ರೇಟ್ ಹೋಗಲ್ಲ; ನೀರು ಆವಿಯಾದಷ್ಟೂ ಸಾಂದ್ರವಾಗುತ್ತೆ. ಬೋರ್‌ವೆಲ್ ನೀರಿನ ಪ್ರಯೋಗಾಲಯ ವರದಿ ಬರುವವರೆಗೂ ಆ ನೀರನ್ನು ಕೂಸಿಗೆ ಕೊಡಬೇಡಿ. ನಂತರ ಕುಡಿಯಲು ಆರ್‌ಒ ಬೇಕಾದರೆ ಅದನ್ನು ಸಾಫ್ಟ್‌ನರ್ ಆದ ಮೇಲೆ ಜೋಡಿಸಿ: ಸೋಡಿಯಂ ಬಹುಪಾಲು ಅಲ್ಲಿ ಹೋಗುತ್ತೆ, ಪೊರೆಯ ಮೇಲೆ ಸುಣ್ಣವೂ ಕಟ್ಟಲ್ಲ.

ಕಾಯಿಲ್ ಸುತ್ತಿದ ಪೈಪಿನ ಎರಡೂ ಬದಿಯ ನೀರನ್ನು ಹನಿ ಕಿಟ್‌ನಲ್ಲಿ ನೋಡಿ, ಹನಿಗಳ ಸಂಖ್ಯೆ ಒಂದೇ ಬರುತ್ತೆ. ಪಟಿಕದಿಂದಲೂ ಗಡಸುತನ ಹೋಗಲ್ಲ, ಅದು ಕೆಸರನ್ನು ತಳಕ್ಕೆ ಕೂರಿಸುತ್ತೆ ಅಷ್ಟೇ.

ಸೂಕ್ಷ್ಮಜೀವಿ ಪರೀಕ್ಷೆಗೆ ಹಳೇ ನೀರಿನ ಬಾಟಲಿ ನಡೆಯಲ್ಲ. ಪ್ರಯೋಗಾಲಯದವರೇ ಕೊಟ್ಟ ಬಾಟಲಿ ಬೇಕು. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಮುಚ್ಚಳದ ಒಳಗೆ ಬೆರಳು ತಾಗಿಸದೆ ತುಂಬಿ, ತಂಪಾಗಿಟ್ಟು 24 ಗಂಟೆಯೊಳಗೆ ತಲುಪಿಸಿ.

ಮೊದಲ ಪ್ರಶ್ನೆ ಕೇಳಿದವರು: ಇಂಜೆಕ್ಟರಿನಲ್ಲಿ ಮರಳು ಕೂತಿತ್ತು ಸರ್, ತೊಳೆದೆ. ಈಗ ಮೊದಲ ಹನಿಗೇ ನೀಲಿ. ಶವರಿನಲ್ಲಿ ಈಗಾಗಲೇ ಕಟ್ಟಿರುವ ಸುಣ್ಣ?

ಉತ್ತರ: ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, ಅದರಲ್ಲಿ ಶವರಿನ ತಲೆ ಅರ್ಧ ಗಂಟೆ. ಕುದಿಯುವ ನೀರು ಬೇಡ, ಕ್ಯಾಲ್ಸಿಯಂ ಸಿಟ್ರೇಟ್ ಬಿಸಿಯಲ್ಲಿ ಕರಗುವ ಬದಲು ಮತ್ತೆ ಗಟ್ಟಿಯಾಗಿ ಕೂರುತ್ತೆ. ಅಮೃತಶಿಲೆಯ ಮೇಲೆ ತಾಗಿಸಬೇಡಿ. ಬ್ಲೀಚ್ ಜೊತೆ ಮಾತ್ರ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತೆ. ಗೀಸರಿನ ಸದ್ದು ಸುಣ್ಣದ ಕೆಳಗೆ ಸಿಕ್ಕಿಕೊಂಡ ನೀರು ಕುದಿಯುವ ಸದ್ದು. ವಿದ್ಯುತ್ ತೆಗೆದು, ನೀರು ಖಾಲಿ ಮಾಡಿ, ಒಳಗಿನ ಬಿಸಿಮಾಡುವ ಕಾಯಿಲ್ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಅದೇ ಹೊತ್ತಿಗೆ ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಂ ಆನೋಡ್ ಸರಳನ್ನೂ ನೋಡಿಸಿ, ಒಳಗಿನ ತಂತಿ ಕಾಣುವಷ್ಟು ಸವೆದಿದ್ದರೆ ಹೊಸದು ಹಾಕಿಸಿ.