ಮತ ಹಾಕದೆ ಇರುವುದು ತಪ್ಪೇ? ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ಸದಸ್ಯರು): ನಮಸ್ಕಾರ ಮೇಡಂ. ನನಗೆ 31 ವರ್ಷ. 2024ರ ಲೋಕಸಭಾ ಚುನಾವಣೆಯ ದಿನ ಊರಿನಲ್ಲೇ ಇದ್ದೂ ನಾನು ಮತ ಹಾಕಲಿಲ್ಲ. ಕಣದಲ್ಲಿದ್ದ ಯಾರನ್ನೂ ನನ್ನ ಪ್ರತಿನಿಧಿಯೆಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಒಂದು ಚುನಾವಣೆಯನ್ನೂ ತಪ್ಪಿಸದ ನನ್ನ ತಂದೆ ಇದನ್ನು ತಿಳಿದು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಕಾನೂನಿನ ದೃಷ್ಟಿಯಲ್ಲಿ ನಾನು ಮಾಡಿದ್ದು ತಪ್ಪೇ? ತಪ್ಪಲ್ಲವಾದರೆ, ಅದು ಸರಿಯೇ?

ಉತ್ತರ: ನಮಸ್ಕಾರ. ನೀವು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಅವುಗಳ ಉತ್ತರಗಳೂ ಬೇರೆಬೇರೆ.

ಕಾನೂನಿನ ಪ್ರಕಾರ ನೀವು ಯಾವ ತಪ್ಪನ್ನೂ ಮಾಡಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 79ನೆಯ ಕಲಂ 'ಚುನಾವಣಾ ಹಕ್ಕು' ಎಂಬ ಪದಕ್ಕೆ ಅರ್ಥ ಹೇಳುವಾಗ, ಮತ ಹಾಕುವ ಹಕ್ಕಿನ ಜೊತೆಯಲ್ಲಿಯೇ ಮತ ಹಾಕದೆ ಇರುವ ಹಕ್ಕನ್ನೂ ಸೇರಿಸಿದೆ. ಸಂವಿಧಾನದ 51-ಎ ವಿಧಿಯಲ್ಲಿರುವ 11 ಮೂಲಭೂತ ಕರ್ತವ್ಯಗಳಲ್ಲಿ ಮತದಾನದ ಹೆಸರಿಲ್ಲ. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಮತಯಂತ್ರದಲ್ಲಿ ನೋಟಾ, ಅಂದರೆ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿಯನ್ನು ಒದಗಿಸಬೇಕೆಂದು ತೀರ್ಪು ಕೊಟ್ಟಾಗಲೂ, ಯಾರನ್ನೂ ಆರಿಸದೆ ಇರುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದೇ ಪರಿಗಣಿಸಿತು. ಆದ್ದರಿಂದ ನಿಮ್ಮನ್ನು ದಂಡಿಸಲು ಯಾರಿಗೂ ಅಧಿಕಾರವಿಲ್ಲ.

ಸರಿಯೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ನಿಮ್ಮ ನಿರಾಕರಣೆ ಪ್ರಾಮಾಣಿಕವಾದದ್ದೇ, ಆದರೆ ಅದನ್ನು ಯಾರೂ ಓದಲಾಗದ ಜಾಗದಲ್ಲಿ ನೀವು ಬರೆದಿದ್ದೀರಿ. ನಾನು ಕೆಲವು ಚುನಾವಣೆಗಳಲ್ಲಿ ಎಣಿಕೆ ಏಜೆಂಟಳಾಗಿ ಮೇಜಿನ ಮುಂದೆ ಕುಳಿತಿದ್ದೇನೆ. ಅಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದು ಸಾಲಿದೆ, ನೋಟಾಕ್ಕೂ ಒಂದು ಸಾಲಿದೆ, ಮನೆಯಲ್ಲಿ ಉಳಿದವರಿಗೆ ಯಾವ ಸಾಲೂ ಇಲ್ಲ. ಪಟ್ಟಿಯಲ್ಲಿರುವ ಒಟ್ಟು ಹೆಸರುಗಳಿಂದ ಚಲಾಯಿತ ಮತಗಳನ್ನು ಕಳೆದಾಗ ಉಳಿಯುವ ಶೇಷದಲ್ಲಿ, ಮನಃಸಾಕ್ಷಿಯಿಂದ ದೂರ ಉಳಿದ ನೀವು, ರಜೆ ಸಿಕ್ಕಿತೆಂದು ಪ್ರವಾಸ ಹೋದವರು, ಮನೆ ಬದಲಿಸಿದವರು, ಹೆಸರು ಇನ್ನೂ ತೆಗೆಯದ ಮೃತರು ಎಲ್ಲರೂ ಒಂದೇ. ನೀವು ಮತ ಹಾಕದ ಆ 2024ರ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕಿಂತ ಹೆಚ್ಚು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಆದದ್ದು ಸುಮಾರು ಶೇ 53 ಮಾತ್ರ. ಬರದೆ ಉಳಿದ ಆ ಜನರು ಏನು ಹೇಳಿದರೆಂದು ಯಾವ ಪಕ್ಷವೂ ಕೂತು ಯೋಚಿಸಿದ್ದನ್ನು ನಾನು ಕಂಡಿಲ್ಲ. 'ನಗರದವರು ಬರುವುದಿಲ್ಲ' ಎಂದು ಕೈಬಿಟ್ಟು, ಬರುವವರ ಕಡೆಗೆ ಮಾತ್ರ ಗಮನ ಕೊಡುವುದನ್ನು ಕಂಡಿದ್ದೇನೆ.

ಒಂದು ಮತದಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕರ್ನಾಟಕದವರಾದ ನಾವು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು ಒಂದೇ ಒಂದು ಮತದ ಅಂತರದಿಂದ. ಸೋತವರ ಪರವಾಗಿದ್ದ ಇನ್ನೊಬ್ಬರೇ ಒಬ್ಬರು ಮತಗಟ್ಟೆಗೆ ಬಂದಿದ್ದರೂ ಮತಗಳು ಸಮವಾಗಿ, ಪ್ರಜಾಪ್ರತಿನಿಧಿ ಕಾಯ್ದೆಯ 65ನೆಯ ಕಲಮಿನಂತೆ ಚೀಟಿ ಎತ್ತಿ ತೀರ್ಮಾನಿಸಬೇಕಾಗುತ್ತಿತ್ತು. 2023ರಲ್ಲಿ ನಿಮ್ಮ ಬೆಂಗಳೂರಿನದೇ ಜಯನಗರ ಕ್ಷೇತ್ರದ ಅಂತರ 16 ಮತಗಳು.

ಪ್ರಶ್ನೆ (ದಾವಣಗೆರೆಯ ಸದಸ್ಯರು): ಹಾಗಾದರೆ ನೋಟಾ ಒತ್ತಿದರೆ ಏನು ಬದಲಾಗುತ್ತದೆ ಮೇಡಂ? ನೋಟಾಕ್ಕೇ ಅತಿ ಹೆಚ್ಚು ಮತ ಬಂದರೂ ಮರುಚುನಾವಣೆ ಇಲ್ಲವಲ್ಲ?

ಉತ್ತರ: ಲೋಕಸಭೆ ಮತ್ತು ವಿಧಾನಸಭೆಗೆ ನೀವು ಹೇಳಿದ್ದು ನಿಜ. ನೋಟಾ ಎಷ್ಟೇ ಬಂದರೂ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಠೇವಣಿ ಉಳಿಯಲು ಬೇಕಾದ ಆರನೆಯ ಒಂದು ಭಾಗವನ್ನು ಲೆಕ್ಕ ಹಾಕುವಾಗ ಕೂಡ ನೋಟಾ ಮತಗಳನ್ನು ಸಿಂಧು ಮತಗಳ ಜೊತೆ ಸೇರಿಸುವುದಿಲ್ಲ. 2024ರಲ್ಲಿ ಇಂದೋರ್ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ಹಿಂತೆಗೆದುಕೊಂಡ ಮೇಲೆ 2 ಲಕ್ಷ 18 ಸಾವಿರಕ್ಕೂ ಹೆಚ್ಚು ಜನ ನೋಟಾ ಒತ್ತಿದರು. ಫಲಿತಾಂಶ ಅದರಿಂದ ಬದಲಾಗಲಿಲ್ಲ. ಆದರೂ ಆ ಸಂಖ್ಯೆಯನ್ನು ದೇಶವೆಲ್ಲ ಓದಿತು, ಚರ್ಚಿಸಿತು. ಆ ಎರಡು ಲಕ್ಷ ಜನ ಮನೆಯಲ್ಲೇ ಉಳಿದಿದ್ದರೆ ಇಂದು ನಾನು ಅವರನ್ನು ಇಲ್ಲಿ ಎತ್ತಿ ಹೇಳಲು ಸಾಧ್ಯವೇ ಇರುತ್ತಿರಲಿಲ್ಲ. ನೋಟಾಕ್ಕೆ ಬಲ ಬರಬೇಕೆಂಬುದು ನನ್ನ ಆಸೆಯೂ ಹೌದು. 2018ರಲ್ಲಿ ಮಹಾರಾಷ್ಟ್ರ ಮತ್ತು ಹರಿಯಾಣದ ರಾಜ್ಯ ಚುನಾವಣಾ ಆಯೋಗಗಳು, ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ನೋಟಾ ಮೊದಲ ಸ್ಥಾನಕ್ಕೆ ಬಂದರೆ ಮರುಚುನಾವಣೆ ನಡೆಸುವಂತೆ ಆದೇಶ ಹೊರಡಿಸಿದವು. ದಾರಿ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಪ್ರಶ್ನೆ (ಮಲೆನಾಡಿನ ಸದಸ್ಯರು): ನಮ್ಮ ಹಳ್ಳಿಗೆ ಮಳೆಗಾಲದಲ್ಲಿ ಹಳ್ಳ ದಾಟಲು ಸೇತುವೆಯಿಲ್ಲ. ಮುಂದಿನ ಚುನಾವಣೆಯನ್ನು ಬಹಿಷ್ಕರಿಸಬೇಕೆಂದು ಊರವರು ದೇವಸ್ಥಾನದ ಮುಂದೆ ಸೇರಿ ತೀರ್ಮಾನಿಸಿದ್ದಾರೆ. ಎರಡು ಮನೆಯವರು ಮತ ಹಾಕುತ್ತೇವೆ ಎಂದಾಗ, ಹಾಕಿದರೆ ಊರಿನ ಯಾವ ಕಾರ್ಯಕ್ಕೂ ಕರೆಯುವುದಿಲ್ಲ ಎಂದು ಕೆಲವರು ಹೇಳಿದರು. ಅವುಗಳಲ್ಲಿ ಒಂದು ಪರಿಶಿಷ್ಟ ಜಾತಿಯ ಕುಟುಂಬ. ನಾನು ಬಹಿಷ್ಕಾರದ ಪರವಾಗಿಯೇ ಇದ್ದೇನೆ, ಆದರೆ ಈ ಮಾತು ಮನಸ್ಸಿಗೆ ಹಿಡಿಸಲಿಲ್ಲ.

ಉತ್ತರ: ನಿಮ್ಮ ಮನಸ್ಸು ಸರಿಯಾದ ಜಾಗದಲ್ಲೇ ಹಿಂಜರಿದಿದೆ. ಇಡೀ ಊರು ಸ್ವಂತ ಇಚ್ಛೆಯಿಂದ ಮತಗಟ್ಟೆಗೆ ಹೋಗದೆ ಇದ್ದರೆ ಅದು ಅಪರಾಧವಲ್ಲ. ಹೋಗಬಯಸುವ ಒಬ್ಬರನ್ನು ಬೆದರಿಸಿ ತಡೆದರೆ ಅದು ಅಪರಾಧ. ಹೊಡೆಯಬೇಕಾಗಿಲ್ಲ, ಒಬ್ಬರ ಚುನಾವಣಾ ಹಕ್ಕಿಗೆ ಬೇಕೆಂದೇ ಅಡ್ಡಬರುವುದನ್ನು ಭಾರತೀಯ ನ್ಯಾಯ ಸಂಹಿತೆ ಅನುಚಿತ ಪ್ರಭಾವವೆಂದು ಕರೆಯುತ್ತದೆ. ಮತ ಹಾಕಬಾರದೆಂದು ಪರಿಶಿಷ್ಟ ಜಾತಿಯವರನ್ನು ಬೆದರಿಸುವುದಂತೂ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರತ್ಯೇಕ ಅಪರಾಧ. ಇದನ್ನು ಊರ ಹಿರಿಯರಿಗೆ ಇಂದೇ ತಿಳಿಸಿಬಿಡಿ. ಬೆದರಿಕೆ ನಿಲ್ಲದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು, ಚುನಾವಣೆಯ ಸಮಯದಲ್ಲಾದರೆ ಚುನಾವಣಾ ಆಯೋಗದ 1950 ಸಂಖ್ಯೆಯ ಸಹಾಯವಾಣಿಗೂ ಕರೆ ಮಾಡಬಹುದು.

ಬಹಿಷ್ಕಾರದ ಫಲದ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ಊರುಗಳು ಬಹಿಷ್ಕಾರದ ಫಲಕ ಕಟ್ಟುವುದು ಚುನಾವಣೆ ಘೋಷಣೆಯಾದ ಮೇಲೆ. ಆಗ ನೀತಿಸಂಹಿತೆ ಜಾರಿಯಲ್ಲಿರುವುದರಿಂದ ಹೊಸ ಕಾಮಗಾರಿಗೆ ಮಂಜೂರಾತಿ ಕೊಡಲು ಸರ್ಕಾರಕ್ಕೇ ಅವಕಾಶವಿರುವುದಿಲ್ಲ. ತಹಶೀಲ್ದಾರರು ಬಂದು ಕೈಮುಗಿದು ಹೇಳಬಹುದಾದದ್ದು ಬಾಯಿಮಾತಿನ ಭರವಸೆಯನ್ನು ಮಾತ್ರ. ಸೇತುವೆ ಬೇಕಾದರೆ ಘೋಷಣೆಗೆ ಆರು ತಿಂಗಳು ಮೊದಲೇ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ಶಾಸಕರಿಗೂ ಜಿಲ್ಲಾಧಿಕಾರಿಗೂ ಕೊಟ್ಟು, ಬಹಿಷ್ಕಾರದ ಮಾತನ್ನು ಆಗಲೇ ಲಿಖಿತವಾಗಿ ಹೇಳಿ. ಫಲಿತಾಂಶದ ಬಳಿಕ ಮತಗಟ್ಟೆವಾರು ಅಂಕಿಗಳು ಪಕ್ಷಗಳ ಕೈಸೇರುತ್ತವೆ. ಒಂದೂ ಮತ ಬೀಳದ ಮತಗಟ್ಟೆಯಿಂದ ಯಾವ ಅಭ್ಯರ್ಥಿಗೂ ನಷ್ಟವಿಲ್ಲ. ಎಲ್ಲರೂ ಬಂದು ಒಟ್ಟಾಗಿ ಒಬ್ಬರ ವಿರುದ್ಧ ಹಾಕಿದ ಅಥವಾ ಒಟ್ಟಾಗಿ ನೋಟಾ ಒತ್ತಿದ ಮತಗಟ್ಟೆಯನ್ನು ಅವರು ಮರೆಯುವುದಿಲ್ಲ.

2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ನಡೆದದ್ದನ್ನು ನೀವು ಓದಿರಬಹುದು. ಮೂಲಸೌಕರ್ಯವಿಲ್ಲವೆಂದು ಕಾಡಂಚಿನ ಆ ಊರವರು ಮತದಾನ ಬಹಿಷ್ಕರಿಸಿದರು. ಮನವೊಲಿಸುವ ಯತ್ನ ಘರ್ಷಣೆಯಾಗಿ ಮತಯಂತ್ರಗಳು ಒಡೆದವು. 29ರಂದು ಮರುಮತದಾನ ನಡೆಸಬೇಕಾಯಿತು. ಆ ಜನರ ಬೇಡಿಕೆ ನ್ಯಾಯವಾದದ್ದಾಗಿತ್ತು ಎಂಬುದೇ ನನಗೆ ಹೆಚ್ಚು ನೋವು ಕೊಡುವ ಸಂಗತಿ, ಏಕೆಂದರೆ ಆ ದಿನದ ನಂತರ ಸುದ್ದಿಯಾದದ್ದು ಒಡೆದ ಯಂತ್ರಗಳು.

ಪ್ರಶ್ನೆ (ಮೆಲ್ಬರ್ನ್‌ನಲ್ಲಿರುವ ಸದಸ್ಯರು): ಇಲ್ಲಿನ ಪೌರರಾದ ನಮಗೆ ಮತದಾನ ಕಡ್ಡಾಯ, ಸಕಾರಣವಿಲ್ಲದೆ ತಪ್ಪಿಸಿದರೆ 20 ಡಾಲರ್ ದಂಡ. ಭಾರತದಲ್ಲಿ ಹಾಗೆ ಏಕಿಲ್ಲ? ಮತ ಹಾಕದಿದ್ದರೆ ಬ್ಯಾಂಕ್ ಖಾತೆಯಿಂದ 350 ರೂಪಾಯಿ ಕಡಿತವೆಂಬ ಸಂದೇಶ ಊರಿನಿಂದ ಬಂದಿತ್ತು, ಅದು ನಿಜವೇ?

ಉತ್ತರ: 350 ರೂಪಾಯಿಯ ಸಂದೇಶ ಶುದ್ಧ ಸುಳ್ಳು. ಮತ ಹಾಕಲಿಲ್ಲವೆಂಬ ಕಾರಣಕ್ಕೆ ಪಟ್ಟಿಯಿಂದ ಹೆಸರನ್ನು ತೆಗೆಯಲೂ ಅವಕಾಶವಿಲ್ಲ.

ಆಸ್ಟ್ರೇಲಿಯಾ 1924ರಲ್ಲಿ ಕಡ್ಡಾಯ ಮಾಡಿತು, ಆದರೆ ಅಲ್ಲಿ ಅಂಚೆಯ ಮೂಲಕ, ಮುಂಚಿತವಾಗಿ, ಬೇರೆ ಊರಿನಿಂದಲೂ ಮತ ಹಾಕುವ ಅನುಕೂಲಗಳಿವೆ. ಇಲ್ಲಿ ಗುಜರಾತ್ ಸ್ಥಳೀಯ ಚುನಾವಣೆಗಳಿಗೆ ಕಡ್ಡಾಯ ಮತದಾನದ ಕಾನೂನು ಮಾಡಿತ್ತು. 2015ರಲ್ಲಿ ಅಲ್ಲಿನ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅದೇ ವರ್ಷ ಕಾನೂನು ಆಯೋಗ ತನ್ನ 255ನೆಯ ವರದಿಯಲ್ಲಿ ಕಡ್ಡಾಯ ಬೇಡವೆಂದು ಹೇಳಿತು. ನಾನೂ ಕಡ್ಡಾಯವನ್ನು ಒಪ್ಪುವುದಿಲ್ಲ. ಯಾದಗಿರಿಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದ ಗಾರೆಯವನ ಹೆಸರು ಊರಿನ ಪಟ್ಟಿಯಲ್ಲಿರುತ್ತದೆ. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು 135-ಬಿ ಕಲಂ ಹೇಳುತ್ತದೆ, ಆದರೆ ದಿನಗೂಲಿಯವನು ಬಸ್ಸಿನ ಖರ್ಚು, ಹೋಗಿ ಬರುವ ಎರಡು ದಿನಗಳ ಕೂಲಿ ಎರಡನ್ನೂ ಕಳೆದುಕೊಂಡೇ ಊರಿಗೆ ಹೋಗಬೇಕು. ದಂಡ ವಿಧಿಸಿದರೆ ಮೊದಲು ಬೀಳುವುದು ಅವನ ಮೇಲೆ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಇಷ್ಟು ವಿವರವಾಗಿ ಉತ್ತರಿಸಿದ್ದಕ್ಕೆ ಕೃತಜ್ಞ. ಸರದಿಯಲ್ಲಿ ನಿಂತು, ಸಹಿ ಮಾಡಿ, ಯಾವ ಗುಂಡಿಯನ್ನೂ ಒತ್ತದೆ ಹಿಂತಿರುಗಬಹುದು ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅದು ನೋಟಾಕ್ಕಿಂತ ಉತ್ತಮವೇ?

ಉತ್ತರ: ಅವರು ಹೇಳುವುದು ಚುನಾವಣೆ ನಡೆಸುವ ನಿಯಮಗಳಲ್ಲಿನ 49-ಓ ನಿಯಮ. ಮತಗಟ್ಟೆಯಲ್ಲಿ ಮತದಾರರ ಸಹಿ ಪಡೆಯುವ 17-ಎ ವಹಿಯಲ್ಲಿ ಸಹಿ ಮಾಡಿದ ಮೇಲೆ ಮತ ಹಾಕುವುದಿಲ್ಲವೆಂದರೆ, ಮತಗಟ್ಟೆಯ ಮುಖ್ಯ ಅಧಿಕಾರಿ ನಿಮ್ಮ ಹೆಸರಿನ ಮುಂದೆ ಹಾಗೆಂದು ಷರಾ ಬರೆದು, ಅದರ ಪಕ್ಕದಲ್ಲಿ ನಿಮ್ಮ ಸಹಿ ಪಡೆಯುತ್ತಾರೆ. ಅಂಥವರ ಸಂಖ್ಯೆ ಮತಗಟ್ಟೆಯ ಮತಗಳ ಲೆಕ್ಕವಿರುವ 17-ಸಿ ನಮೂನೆಯಲ್ಲಿ ದಾಖಲಾಗುತ್ತದೆ. ಆದರೆ ಅಲ್ಲಿ ಕುಳಿತ ಎಲ್ಲ ಪಕ್ಷಗಳ ಏಜೆಂಟರಿಗೂ ನೀವು ನಿರಾಕರಿಸಿದ್ದು ಗೊತ್ತಾಗುತ್ತದೆ. ಗೋಪ್ಯತೆಗೆ ಧಕ್ಕೆ ತರುವ ಈ ಕಾರಣಕ್ಕಾಗಿಯೇ ಸುಪ್ರೀಂ ಕೋರ್ಟ್ ನೋಟಾ ಗುಂಡಿಯನ್ನು ತರಿಸಿತು; ನೀವು ಅದನ್ನೇ ಬಳಸಿ.

ಅದಕ್ಕೂ ಮುನ್ನ, ದೊಡ್ಡ ಪಕ್ಷಗಳ ಹೆಸರಿನಾಚೆಗೆ ಯಂತ್ರದ ಕೊನೆಯವರೆಗೂ ಇರುವ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಒಂದು ಸಂಜೆ ಕುಳಿತು ಓದಿ. ಆಸ್ತಿ, ಸಾಲ, ಮೊಕದ್ದಮೆ, ವಿದ್ಯಾಭ್ಯಾಸ ಎಲ್ಲವೂ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತವೆ. ಸಾಧ್ಯವಾದರೆ ತಂದೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಓದಿದ ಮೇಲೂ ಯಾರೂ ಬೇಡವೆನಿಸಿದರೆ, ಇಬ್ಬರೂ ಒಟ್ಟಿಗೇ ಮತಗಟ್ಟೆಗೆ ಹೋಗಿ. ಅವರು ತಮ್ಮ ಗುಂಡಿ ಒತ್ತಲಿ, ನೀವು ಕೊನೆಯದನ್ನು ಒತ್ತಿ.