ಪಾಳು ಬಿಟ್ಟ ಗದ್ದೆಯಲ್ಲಿ ಮತ್ತೆ ಊಟದ ಭತ್ತ ಬೆಳೆಯಬಹುದೇ?

ಪ್ರಶ್ನೆ: ಸಕಲೇಶಪುರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು. ಇಳಿಜಾರಿನಲ್ಲಿ ಕಾಫಿ ತೋಟವಿದೆ, ಅದರ ಕೆಳಗೆ ಹಳ್ಳದ ಬದಿಯಲ್ಲಿ ಒಂದು ಎಕರೆ ಗದ್ದೆಯಿದೆ. ನಾಟಿಗೆ ಆಳು ಸಿಗದೆ, ಕೊಯ್ಲಿನ ಹೊತ್ತಿಗೆ ಕಾಡಾನೆಗಳು ಇಳಿಯುವುದೂ ಹೆಚ್ಚಾಗಿ, ಆರು ವರ್ಷಗಳಿಂದ ಅದನ್ನು ಪಾಳು ಬಿಟ್ಟಿದ್ದೇವೆ. ಈಗ ಅಕ್ಕಿ ಬರುವುದು ಅಂಗಡಿಯಿಂದ. ಮೊನ್ನೆ ಅಮ್ಮ ಆ ಅಕ್ಕಿಯ ತರಿಯಲ್ಲಿ ಕಡುಬು ಕಟ್ಟಲು ಕುಳಿತಾಗ ಉಂಡೆ ಅಂಗೈಯಲ್ಲೇ ಬಿರಿಯುತ್ತಿತ್ತು. ಅವರು ಏನೂ ಹೇಳದೆ ತಣ್ಣೀರಿನಲ್ಲಿ ಕೈ ಅದ್ದಿ ಅದ್ದಿ ಮತ್ತೆ ಕಟ್ಟುತ್ತಿದ್ದುದನ್ನು ನೋಡಿದ ಮೇಲೆ ನನಗೆ ಸಮಾಧಾನವಿಲ್ಲ. ಐದು ಜನರ ಮನೆಗೆ ವರ್ಷದ ಅಕ್ಕಿಯನ್ನು ಈ ಗದ್ದೆಯಿಂದ ತೆಗೆಯಬಹುದೇ? ಶುಂಠಿಗೆ ಗುತ್ತಿಗೆ ಕೊಡಿ ಎಂದು ಕೇಳುವವರೂ ಇದ್ದಾರೆ.

ಉತ್ತರ: ಮೂಡಿಗೆರೆಯಿಂದ

ಖಂಡಿತ ತೆಗೆಯಬಹುದು. ಎಕರೆಗೆ 15 ಕ್ವಿಂಟಾಲ್ ಭತ್ತ ಎಂದು ಹಿಡಿದರೂ ಮಿಲ್ಲಿನಿಂದ ಒಂಬತ್ತು ಕ್ವಿಂಟಾಲಿಗಿಂತ ಹೆಚ್ಚು ಅಕ್ಕಿ ಬರುತ್ತದೆ. ದಿನಕ್ಕೆ ಎರಡು ಕೆ.ಜಿ. ಬೇಯಿಸುವ ಮನೆಗೆ ವರ್ಷಕ್ಕೆ ಬೇಕಾದದ್ದು 730 ಕೆ.ಜಿ. ಆದ್ದರಿಂದ ಬೀಜಕ್ಕೆ ಎತ್ತಿಟ್ಟು, ಬಂದವರಿಗೆ ಬಡಿಸಿದರೂ ಕೊರತೆಯಾಗದು.

ಆದರೆ ಗದ್ದೆಯನ್ನು ಅಕ್ಕಿಯ ಲೆಕ್ಕದಲ್ಲಿ ಮಾತ್ರ ನೋಡಬೇಡಿ ಎಂದು ನನ್ನ ವಿನಂತಿ. ನಾವೂ ಒಮ್ಮೆ ನಾಟಿ ನಿಲ್ಲಿಸಿದ್ದೆವು. ಮೊದಲು ಹುಲ್ಲು ಇಲ್ಲವಾಯಿತು, ಹುಲ್ಲಿಲ್ಲದೆ ಎರಡು ಹಸುಗಳನ್ನು ಕೊಟ್ಟೆವು, ಹಸು ಹೋದ ಮೇಲೆ ಹಾಲು ಮಜ್ಜಿಗೆಗಳಿಗೆ ಪ್ಯಾಕೆಟ್ ಬಂತು, ಕೊಟ್ಟಿಗೆಗೊಬ್ಬರವಿಲ್ಲದೆ ಹಿತ್ತಲ ತರಕಾರಿಯೂ ಸೊರಗಿತು. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುತ್ತಿದ್ದ ಹತ್ತುಮೀನು, ಬದುವಿನ ಬಿಲಗಳಲ್ಲಿ ಸಿಗುತ್ತಿದ್ದ ಏಡಿ, ನೀರಂಚಿನ ಕೆಸ ಇವೆಲ್ಲ ನೀರು ನಿಲ್ಲುವ ಗದ್ದೆಯನ್ನೇ ನಂಬಿಕೊಂಡಿದ್ದವು. ಅಕ್ಕಿಯನ್ನು ದುಡ್ಡು ಕೊಟ್ಟು ತರಬಹುದು, ಆದರೆ ಮಳೆಗಾಲದ ಆ ಏಡಿ ಸಾರನ್ನು ಯಾವ ಅಂಗಡಿಯಿಂದ ತರುವುದು? ಎರಡು ವರ್ಷ ಕಳೆದು ನಾವು ಮತ್ತೆ ಗದ್ದೆಗೆ ಇಳಿದದ್ದು ಈ ಕಾರಣದಿಂದಲೇ.

ಆರು ವರ್ಷ ಪಾಳು ಬಿದ್ದಿರುವುದರಿಂದ ಈ ಬೇಸಿಗೆಯಲ್ಲೇ ಪೊದೆ ಕಡಿದು, ಬದು ಕಟ್ಟಿ, ನೀರಿನ ಕಾಲುವೆಯನ್ನು ಬಿಡಿಸಿಕೊಳ್ಳಿ. ಮುಂಗಾರಿಗೆ ಮುಂಚಿನ ಮಳೆಗೆ ಹಸಿರೆಲೆ ಗೊಬ್ಬರದ ಗಿಡಗಳಾದ ಸೆಣಬು ಅಥವಾ ಡಯಾಂಚ ಬಿತ್ತಿ, ಸುಮಾರು 45 ದಿನಗಳ ನಂತರ ಕೆಸರಿನಲ್ಲಿ ಉತ್ತು ಸೇರಿಸಿದರೆ ಮಣ್ಣಿಗೆ ಸತ್ವ ಬರುತ್ತದೆ.

ಉತ್ತರ: ಕೊಪ್ಪದಿಂದ

ಶುಂಠಿಯ ವಿಷಯದಲ್ಲಿ ದಯವಿಟ್ಟು ಯೋಚಿಸಿ. ಶುಂಠಿಗೆ ನೀರು ನಿಲ್ಲಬಾರದು, ಭತ್ತಕ್ಕೆ ನಿಲ್ಲಬೇಕು. ಗುತ್ತಿಗೆದಾರರು ಆಳವಾದ ಬಸಿಗಾಲುವೆ ತೆಗೆದು ಏರಿ ಮಾಡುತ್ತಾರೆ. ಕೊಳೆರೋಗದ ಭಯದಿಂದ ಅದೇ ಮಣ್ಣಿನಲ್ಲಿ ಮರುವರ್ಷ ಬೆಳೆಯದೆ ಬೇರೆ ಜಮೀನು ಹುಡುಕಿಕೊಂಡು ಹೋಗುತ್ತಾರೆ. ಆಮೇಲೆ ಗದ್ದೆಯನ್ನು ಮಟ್ಟ ಮಾಡುವ ಖರ್ಚು ನಿಮ್ಮ ಪಾಲಿಗೆ ಉಳಿಯುತ್ತದೆ.

ಇನ್ನೊಂದು ಮಾತು. ಬೆಳೆದದ್ದನ್ನು ಮಳೆಗಾಲಕ್ಕೆ ಕಾಪಿಡುವ ಅಡುಗೆಮನೆ ಇಲ್ಲದಿದ್ದರೆ ಗದ್ದೆಯೊಂದೇ ಸಾಲದು. ನಮ್ಮತ್ತೆ ಬೇಸಿಗೆಯಲ್ಲಿ ಬಲಿತ ಹಲಸಿನಕಾಯಿಯ ಸೊಳೆಯನ್ನು ಭರಣಿಯಲ್ಲಿ ಉಪ್ಪು ಬೆರೆಸಿ ಒತ್ತಿ ತುಂಬಿ, ಮೇಲೆ ಕಲ್ಲು ಹೇರಿಡುತ್ತಿದ್ದರು. ಆಷಾಢದಲ್ಲಿ ಹೊರಗೆ ಕಾಲಿಡಲಾಗದ ದಿನ ಅದನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡುತ್ತಿದ್ದರು. ಕಳಲೆಯನ್ನು, ಅಂದರೆ ಬಿದಿರಿನ ಎಳೆ ಮೊಳಕೆಯನ್ನು, ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಮೂರು ದಿನ ನೆನೆಸಿಡುವುದು ರುಚಿಗಾಗಿ ಮಾತ್ರವಲ್ಲ, ಹಸಿ ಕಳಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ. ಕೆಸುವಿನ ಪತ್ರೊಡೆಗೆ ಹುಳಿ ಹಾಕುವುದು ಗಂಟಲು ತುರಿಸದಿರಲೆಂದು. ಇವನ್ನೆಲ್ಲ ನಿಮ್ಮ ಅಮ್ಮನವರಿಂದ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಉತ್ತರ: ಆಲೂರಿನಿಂದ

ಆನೆಗಳ ವಿಷಯದಲ್ಲಿ ಸುಳ್ಳು ಧೈರ್ಯ ಹೇಳಲಾರೆ. ಸುತ್ತಲಿನ ಗದ್ದೆಗಳೆಲ್ಲ ಪಾಳಾಗಿ ನಿಮ್ಮದೊಂದೇ ಹಸಿರಾಗಿದ್ದರೆ ಅವು ನೇರವಾಗಿ ಅಲ್ಲಿಗೇ ಬರುತ್ತವೆ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರನ್ನು ಒಪ್ಪಿಸಿ ಒಟ್ಟಿಗೆ ನಾಟಿ ಮಾಡಿ. ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿಯುವ ಮುಯ್ಯಾಳಿನಿಂದ ಆಳಿನ ಕೊರತೆ ನೀಗುತ್ತದೆ, ರಾತ್ರಿ ಕಾವಲಿಗೂ ಜನರಾಗುತ್ತಾರೆ. ತೆನೆ ಬಲಿತ ಮೇಲೆ ಒಂದು ದಿನವೂ ತಡಮಾಡದೆ ಕೊಯ್ದು ಕಣಕ್ಕೆ ಸಾಗಿಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಪಕ್ಕದ ಎರಡು ಮನೆಯವರೊಂದಿಗೆ ಮಾತನಾಡಿದೆ. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಕಾಫಿ ಕೊಯ್ಲು ಮುಗಿಯಲಿ ಎಂದಿದ್ದಾರೆ. ಕಡುಬಿಗೆ ಒದಗುವ ಹಳೆಯ ಕೆಂಪಕ್ಕಿಯ ಬಿತ್ತನೆ ಭತ್ತ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.