ಕಾರಿನ ಎಸಿ ಕಂಪ್ರೆಸರ್ ಬದಲಿಸಿದ ಮೇಲೆ ಗ್ಯಾಸ್ ತುಂಬುವ ಕ್ರಮ

ಪ್ರಶ್ನೆ

ನನ್ನ ಕಾರಿನ ಎಸಿ ಕಂಪ್ರೆಸರ್ ಒಳಗೇ ಸವೆದು ಜಾಮ್ ಆಗಿರುವುದರಿಂದ ಅದನ್ನು ಮನೆಯಲ್ಲೇ ಬದಲಿಸಬೇಕೆಂದಿದ್ದೇನೆ. ಉಳಿದಿದ್ದ ಆರ್‌-134ಎ ಗ್ಯಾಸನ್ನು ವರ್ಕ್‌ಶಾಪಿನಲ್ಲಿ ಯಂತ್ರದಿಂದ ತೆಗೆಸಿದ್ದಾಗಿದೆ. ಕಂಪ್ರೆಸರ್ ಒಂದನ್ನೇ ಬದಲಿಸಿ, ಗೇಜಿನಲ್ಲಿ ಒತ್ತಡ ನೋಡಿಕೊಂಡು ಗ್ಯಾಸ್ ತುಂಬಿದರೆ ಸಾಕೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಗ್ಯಾಸನ್ನು ಗಾಳಿಗೆ ಬಿಡದೆ ತೆಗೆಸಿದ್ದು ಬಹಳ ಒಳ್ಳೆಯದಾಯಿತು. ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ.

ಕಂಪ್ರೆಸರ್ ಒಂದೇ ಸಾಲದು. ಜಾಮ್ ಆದ ಕಂಪ್ರೆಸರಿನಿಂದ ಉದುರಿದ ಲೋಹದ ಪುಡಿ ಎಣ್ಣೆಯ ಜೊತೆ ಕಂಡೆನ್ಸರಿಗೆ (ಬಿಸಿ ಗ್ಯಾಸನ್ನು ತಣಿಸಿ ದ್ರವವಾಗಿಸುವ ಭಾಗಕ್ಕೆ) ಹೋಗಿ ಸೇರಿರುತ್ತದೆ. ಪೈಪ್ ಬಿಚ್ಚಿದಾಗ ಎಣ್ಣೆ ಕಪ್ಪಾಗಿ ಅಥವಾ ಬೂದು ಬಣ್ಣದಲ್ಲಿ ಕಂಡರೆ ಕಂಡೆನ್ಸರನ್ನೂ ಬದಲಿಸಿ. ಅದರ ನಾಳಗಳು ತೀರ ಸಣ್ಣವಾದ್ದರಿಂದ ಎಷ್ಟು ತೊಳೆದರೂ ಪುಡಿ ಪೂರ್ತಿ ಹೊರಬರುವುದಿಲ್ಲ, ಉಳಿದದ್ದು ಹೊಸ ಕಂಪ್ರೆಸರನ್ನೂ ಕೆಡಿಸುತ್ತದೆ. ಎಕ್ಸ್‌ಪಾನ್ಷನ್ ವಾಲ್ವ್ (ದ್ರವದ ಒತ್ತಡ ಇಳಿಸುವ ಭಾಗ), ಬಿಚ್ಚಿದ ಪ್ರತಿ ಜಾಯಿಂಟಿನ ಓ-ರಿಂಗ್ (ರಬ್ಬರ್ ಬಳೆ) ಮತ್ತು ತೇವ ಹೀರುವ ಡ್ರೈಯರ್ ಹೊಸದಾಗಿರಲಿ. ಡ್ರೈಯರಿನ ಮುಚ್ಚಳವನ್ನು ಜೋಡಿಸುವ ಕೊನೆಯ ಗಳಿಗೆಯವರೆಗೆ ತೆಗೆಯಬೇಡಿ, ಏಕೆಂದರೆ ಅದು ಗಾಳಿಯ ತೇವವನ್ನು ಕೂಡಲೇ ಹೀರತೊಡಗುತ್ತದೆ. ಹೊಸ ಕಂಪ್ರೆಸರಿನಲ್ಲಿ ಎಣ್ಣೆ ಮೊದಲೇ ತುಂಬಿದೆಯೇ ಎಂಬುದನ್ನು ಅದರ ಜೊತೆ ಬಂದ ಚೀಟಿಯಲ್ಲಿ ಓದಿಯೇ ಮುಂದುವರಿಯಿರಿ.

ಉತ್ತರ 2

ಒತ್ತಡ ನೋಡಿ ತುಂಬುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಎಸಿ ನಿಂತಿರುವಾಗ ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗೇಜು ಸುಮಾರು 5.7 ಬಾರ್ ತೋರಿಸುತ್ತದೆ. ಗ್ಯಾಸ್ ಅರ್ಧ ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಎಸಿ ಓಡುತ್ತಿರುವಾಗಿನ ಒತ್ತಡವಾದರೋ ಹೊರಗಿನ ಬಿಸಿಲು, ಫ್ಯಾನು, ಎಂಜಿನ್ನಿನ ವೇಗಗಳಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಬಾನೆಟ್ಟಿನ ಕೆಳಗಿನ ಸ್ಟಿಕರಿನಲ್ಲಿರುವಷ್ಟು ಗ್ರಾಂ ಗ್ಯಾಸನ್ನು ಕ್ಯಾನ್ ತಕ್ಕಡಿಯ ಮೇಲಿಟ್ಟು ತೂಗಿಯೇ ತುಂಬಬೇಕು.

ಅದಕ್ಕೂ ಮೊದಲು ವ್ಯಾಕ್ಯೂಮ್ ಪಂಪನ್ನು ಕನಿಷ್ಠ ಅರ್ಧ ಗಂಟೆ ಓಡಿಸಿ. ಗಾಳಿ ಹೊರಹೋಗುವುದರ ಜೊತೆಗೆ, ಅಷ್ಟು ಕಡಿಮೆ ಒತ್ತಡದಲ್ಲಿ ಒಳಗಿನ ತೇವವೂ ಮಾಮೂಲಿ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೋಗುತ್ತದೆ. ಬಳಿಕ ಗೇಜಿನ ವಾಲ್ವ್ ಮುಚ್ಚಿ ಪಂಪ್ ನಿಲ್ಲಿಸಿ ಗೇಜಿನ ಮುಳ್ಳನ್ನು ಗಮನಿಸಿ. ಅದು ಮೇಲೇರಿದರೆ ಎಲ್ಲೋ ಲೀಕ್ ಇದೆ ಅಥವಾ ತೇವ ಉಳಿದಿದೆ. ಮುಳ್ಳು ಅಲುಗದಿದ್ದರೂ ಸಣ್ಣ ಲೀಕ್ ಇರಬಹುದಾದ್ದರಿಂದ, ಸಾಧ್ಯವಾದರೆ ಮೊದಲೇ ನೈಟ್ರೋಜನ್ ತುಂಬಿ ಪರೀಕ್ಷಿಸುವುದು ಲೇಸು.

ಪ್ರಶ್ನೆ ಕೇಳಿದವರು

ವಿವರವಾಗಿ ತಿಳಿಸಿದ್ದಕ್ಕೆ ಇಬ್ಬರಿಗೂ ಧನ್ಯವಾದಗಳು. ಡ್ರೈಯರ್, ವಾಲ್ವ್ ಎರಡನ್ನೂ ತರಿಸುತ್ತೇನೆ. ತುಂಬುವಾಗ ಗೇಜಿನ ಎರಡೂ ವಾಲ್ವುಗಳನ್ನು ತೆರೆದಿಡಬೇಕೇ?

ಉತ್ತರ 2

ಎಂಜಿನ್ ಓಡುತ್ತಿರುವಾಗ ಕೆಂಪು ಬಣ್ಣದ ಹೈ ಸೈಡ್ (ಹೆಚ್ಚು ಒತ್ತಡದ ಬದಿಯ) ವಾಲ್ವನ್ನು ಯಾವ ಕಾರಣಕ್ಕೂ ತೆರೆಯಬಾರದು. ಆ ಬದಿಯ ಒತ್ತಡ ಕ್ಯಾನಿನೊಳಕ್ಕೆ ನುಗ್ಗಿದರೆ ಕ್ಯಾನ್ ಸಿಡಿಯುತ್ತದೆ. ನೀಲಿ ಬಣ್ಣದ ಲೋ ಸೈಡಿನಿಂದ (ಕಡಿಮೆ ಒತ್ತಡದ ಬದಿಯಿಂದ), ಕ್ಯಾನನ್ನು ನೆಟ್ಟಗೆ ಹಿಡಿದು, ಆವಿಯ ರೂಪದಲ್ಲಿ ನಿಧಾನವಾಗಿ ತುಂಬಿ. ತಲೆಕೆಳಗು ಮಾಡಿದರೆ ದ್ರವ ನೇರವಾಗಿ ಕಂಪ್ರೆಸರಿಗೆ ಹೋಗಿ ಅದನ್ನು ಒಡೆಯಬಹುದು. ಈ ದ್ರವ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದ್ದು, ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ. ಕೈಗವಸು, ಕನ್ನಡಕ ಎರಡನ್ನೂ ಹಾಕಿಕೊಂಡೇ ಹೋಸ್ ಬಿಚ್ಚಿ.